ಅನ್ನ ಮುದ್ದೆಯಾದರೆ ಕೈಯನ್ನು ದೂರಬೇಡಿ

ಅನ್ನ ಮಾಡುವುದನ್ನೂ ಹೇಳಿಕೊಡಬೇಕೇ ಎಂದು ನೀವು ನಗಬಹುದು. ಬಿರಿಯಾನಿ, ಕಬಾಬ್, ಪುಡ್ಡಿಂಗ್ ಮಾಡುವುದು ಹೇಗೆಂದು ಕೇಳಲು ಯಾರಿಗೂ ಸಂಕೋಚವಿಲ್ಲ. ಅನ್ನದ ಬಗ್ಗೆ ಕೇಳಲು ಮಾತ್ರ ನಾಚಿಕೆ. ಆದರೆ ಸಹೋದರಿಯರೇ, ಮದುವೆಯಾಗಿ ಹೊಸ ಮನೆಗೆ ಬಂದ ಹುಡುಗಿಯ ಕಣ್ಣಲ್ಲಿ ಮೊದಲು ನೀರು ತರಿಸುವುದು ಬಿರಿಯಾನಿಯಲ್ಲ, ಈ ಅನ್ನವೇ. ಬಿರಿಯಾನಿ ಕೆಟ್ಟರೆ ‘ಪಾಪ, ಕಲಿಯುತ್ತಾಳೆ’ ಎನ್ನುತ್ತಾರೆ. ಅನ್ನ ಮುದ್ದೆಯಾದರೆ ‘ತಾಯಿ ಇಷ್ಟೂ ಕಲಿಸಲಿಲ್ಲವೇ’ ಎನ್ನುತ್ತಾರೆ.

ಚಿಕ್ಕಮಗಳೂರು, ಹಾಸನದ ಕಡೆ ಬೆಳ್ತಿಗೆ ಅನ್ನ ಉಂಡು ಬೆಳೆದವಳು ಮಂಗಳೂರು, ಉಡುಪಿಯ ಕಡೆ ಸೊಸೆಯಾಗಿ ಬಂದಳು ಎಂದುಕೊಳ್ಳಿ. ತವರಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಆಗುತ್ತಿದ್ದ ಅನ್ನ ಇಲ್ಲಿ ಗಂಟೆ ಕಳೆದರೂ ಬೇಯುವುದಿಲ್ಲ. ಕರಾವಳಿಯವಳು ಬೆಂಗಳೂರಿಗೆ ಹೋದರೆ ಕಷ್ಟ ಇದರ ತಿರುಗುಮುರುಗು. ಊರಿನ ಅಳತೆಯಲ್ಲಿ ನೀರಿಟ್ಟು ಸೋನಾ ಮಸೂರಿಯನ್ನು ಪಾಯಸದಂತೆ ಮಾಡಿಬಿಡುತ್ತಾಳೆ. ಇಬ್ಬರಿಗೂ ಅಡುಗೆ ಬಾರದೆ ಅಲ್ಲ, ಅಕ್ಕಿ ಬೇರೆ, ಅಷ್ಟೇ.

ಕುಚ್ಚಲಕ್ಕಿ ಎಂದರೆ ಭತ್ತವಾಗಿರುವಾಗಲೇ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಸಿಪ್ಪೆ ತೆಗೆದದ್ದು. ಒಮ್ಮೆ ಬೆಂದು ಒಣಗಿದ ಕಾಳು ಗಟ್ಟಿಯಾಗಿರುತ್ತದೆ. ಆದ್ದರಿಂದಲೇ ಅದಕ್ಕೆ ಹೆಚ್ಚು ನೀರು, ಹೆಚ್ಚು ಹೊತ್ತು. ಹಾಗೆ ಬೇಯಿಸುವಾಗ ಹೊರಪದರದಲ್ಲಿರುವ ಬಿ-1 ಜೀವಸತ್ವದ ಒಂದಷ್ಟು ಪಾಲು ಕಾಳಿನ ಒಳಕ್ಕೂ ಇಳಿಯುವುದರಿಂದ ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಪೂರ್ತಿ ನಷ್ಟವಾಗುವುದಿಲ್ಲ. ಬಿಳಿ ಪಾಲಿಶ್ ಅಕ್ಕಿಯನ್ನೇ ನಂಬಿ ಬದುಕುತ್ತಿದ್ದ ಜನರಿಗೆ ಹಿಂದೆ ಬೆರಿಬೆರಿ ಎಂಬ ರೋಗ ಬರುತ್ತಿತ್ತು. ಕಾಲು ಜೋಮು ಹಿಡಿದು, ಮೈ ಊದಿ, ಹೃದಯ ಸೋತು ಸಾಯುತ್ತಿದ್ದರು. 1905ರಲ್ಲಿ ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ ಕೊಟ್ಟು ನೋಡಿದರು. ರೋಗ ಹರಡಿದ್ದು ಬಿಳಿ ಅಕ್ಕಿಯವರಲ್ಲಿ. ನಮ್ಮ ಅಜ್ಜಿಯಂದಿರಿಗೆ ಈ ಕಥೆ ಗೊತ್ತಿರಲಿಲ್ಲ, ಗಂಜಿಯಂತೂ ಗೊತ್ತಿತ್ತು.

ಇನ್ನು ಬೇಯಿಸುವ ಮಾತು. ಕುಚ್ಚಲಕ್ಕಿಗೆ ಒಂದು ಲೋಟಕ್ಕೆ ನಾಲ್ಕೈದು ಲೋಟ ನೀರು ಬೇಕು. ತೆರೆದ ಪಾತ್ರೆಯಾದರೆ ನೀರು ಚೆನ್ನಾಗಿ ಕುದಿದ ಮೇಲೆ ತೊಳೆದ ಅಕ್ಕಿ ಹಾಕಿ. ಗ್ಯಾಸ್ ಉಳಿಸಬೇಕಾದರೆ ಕುಕ್ಕರಿನಲ್ಲಿ ಒಂದು ವಿಸಿಲ್ ಬರಿಸಿ ಉರಿ ಆರಿಸಿ, ಅರ್ಧ ಗಂಟೆ ಮುಟ್ಟಬೇಡಿ. ತನ್ನ ಕಾವಿನಲ್ಲೇ ಅದು ಬೇಯುತ್ತಾ ಇರುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಇನ್ನೊಮ್ಮೆ ಇಟ್ಟರೆ ಸಾಕು. ಒಂದು ಎಚ್ಚರಿಕೆ: ನೀರು, ಅಕ್ಕಿ ಸೇರಿ ಕುಕ್ಕರಿನ ಅರ್ಧ ದಾಟಬಾರದು. ಗಂಜಿಯ ನೊರೆ ಉಕ್ಕಿ ವಿಸಿಲಿನ ತೂತು ಕಟ್ಟಿಕೊಂಡರೆ ಅಪಾಯ. ತೊಳೆಯುವಾಗ ಆ ತೂತನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೆಂದಿದೆಯೋ ಎಂದು ತಿಳಿಯಲು ಒಂದು ಅಗುಳನ್ನು ಬೆರಳುಗಳ ನಡುವೆ ಹಿಚುಕಿ. ನಡುವೆ ಗಟ್ಟಿ ಸಿಕ್ಕಿದರೆ ಇನ್ನೂ ಹೊತ್ತಿದೆ. ಬಸಿದ ತಿಳಿಯನ್ನು ಚೆಲ್ಲಬೇಡಿ, ಅಕ್ಕಿಯ ಸತ್ವ ಅದರಲ್ಲೂ ಇಳಿದಿರುತ್ತದೆ. ಉಪ್ಪು ಹಾಕಿ ಕುಡಿಯಿರಿ. ಮಿಕ್ಕಿದ್ದು ಹತ್ತಿಯ ದುಪಟ್ಟಕ್ಕೆ ಗಂಜಿ ಹಾಕಲು ಆದೀತು.

ಬೆಳ್ತಿಗೆಯ ಗುಟ್ಟೇ ಬೇರೆ. ಅಲ್ಲಿ ಮೊದಲು ಕೇಳಬೇಕಾದದ್ದು ಅಕ್ಕಿಯ ವಯಸ್ಸು. ಹೊಸ ಅಕ್ಕಿ ನೀರನ್ನು ಕಡಿಮೆ ಕುಡಿಯುತ್ತದೆ, ಬೇಗ ಅಂಟುತ್ತದೆ. ವರ್ಷ ಕಳೆದ ಅಕ್ಕಿ ಹೆಚ್ಚು ಕುಡಿದು ಉದುರಾಗಿ ಅರಳುತ್ತದೆ. ಹಳೆಯ ಅಕ್ಕಿಗೆ ಒಂದಕ್ಕೆ ಎರಡರಷ್ಟು ನೀರು ಎಂದಿಟ್ಟುಕೊಂಡರೆ, ಹೊಸದಕ್ಕೆ ಕಾಲು ಲೋಟ ಕಡಿಮೆ ಹಾಕಿ ನೋಡಿ. ಹೊಸ ಮೂಟೆ ಬಿಚ್ಚಿದ ದಿನ ಒಂದೇ ಪಾವು ಅಕ್ಕಿ ಬೇಯಿಸಿ ಪರೀಕ್ಷಿಸುವುದು ಜಾಣತನ. ನೆಂಟರು ಬಂದ ದಿನವೇ ಹೊಸ ಮೂಟೆ ಬಿಚ್ಚುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಅಕ್ಕಿಯನ್ನು ಎರಡು ಸಲ, ಹೆಚ್ಚೆಂದರೆ ಮೂರು ಸಲ ತೊಳೆಯಿರಿ. ನೀರು ಹಾಲಿನಂತಿರುವುದು ಪುಡಿ ಪಿಷ್ಟದಿಂದ. ಅದು ಹೋದರೆ ಅನ್ನ ಅಂಟುವುದು ಕಡಿಮೆ, ಆದರೆ ಉಜ್ಜಿ ಉಜ್ಜಿ ತೊಳೆದರೆ ಸತ್ವವೂ ನೀರುಪಾಲು.

ತುಪ್ಪದನ್ನಕ್ಕೆ ಬಾಸ್ಮತಿಯನ್ನು ಅರ್ಧ ಗಂಟೆ ನೆನೆಸಿ, ನೀರು ಪೂರ್ತಿ ಸೋರಿಹೋಗಲು ಬಿಡಿ. ತುಪ್ಪದಲ್ಲಿ ಮೆಲ್ಲಗೆ ಹುರಿದು, ಒಂದು ಲೋಟಕ್ಕೆ ಒಂದೂವರೆ ಲೋಟ ಕುದಿಯುವ ನೀರು ಹಾಕಿ. ತಣ್ಣೀರು ಬೇಡ. ಹಾಕಿದ ಮೇಲೆ ಒಮ್ಮೆ ತಿರುವಿ, ಮುಚ್ಚಿ, ಉರಿ ತಗ್ಗಿಸಿ. ಮತ್ತೆ ಮತ್ತೆ ಸೌಟು ಆಡಿಸಿದರೆ ಕಾಳು ಮುರಿದು ಪಿಷ್ಟ ಹೊರಬಂದು ಅನ್ನ ಮುದ್ದೆಯಾಗುತ್ತದೆ. ಉರಿ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಮೇಲಿನ ಅಗುಳಿಗೂ ತಳದ ಅಗುಳಿಗೂ ಹಬೆ ಸಮವಾಗಿ ಹಂಚಿಹೋಗುವುದು ಆಗಲೇ. ಮಕ್ಕಳು ಹಸಿವೆಂದು ಕೂಗುತ್ತಾರೆ ನಿಜ, ಅಷ್ಟರಲ್ಲಿ ಹಪ್ಪಳ ಕರಿಯಿರಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಕುಚ್ಚಲಕ್ಕಿ ಅನ್ನ ಬೆಳ್ತಿಗೆಗಿಂತ ಸಾಮಾನ್ಯವಾಗಿ ನಿಧಾನವಾಗಿ ಜೀರ್ಣವಾಗುತ್ತದೆ. ಹಾಗೆಂದು ಬಟ್ಟಲು ತುಂಬ ಎರಡೆರಡು ಸಲ ಬಡಿಸಿದರೆ ಏನು ಪ್ರಯೋಜನ?

ಕೊನೆಗೆ ಉಳಿದ ಅನ್ನದ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ರೋಗಾಣುವಿನ ಬೀಜಕಗಳಿರಬಹುದು. ಕುದಿಸಿದರೂ ಅವು ಸಾಯುವುದಿಲ್ಲ. ಬೇಯಿಸಿದ ಅನ್ನ ಗಂಟೆಗಟ್ಟಲೆ ಸೆಕೆಯಲ್ಲಿ ಹೊರಗಿದ್ದರೆ ಮೊಳೆತು ವಿಷ ತಯಾರಿಸುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಮಝಾನ್‌ನಲ್ಲಿ ಸಂಜೆ ಮಾಡಿದ ಅನ್ನವನ್ನು ಅಡುಗೆಮನೆಯಲ್ಲೇ ಮುಚ್ಚಿಟ್ಟು ಸಹರಿಗೆ ಬಿಸಿ ಮಾಡಿ ಬಡಿಸುವ ಮನೆಗಳಿವೆ. ಎಂಟು ಗಂಟೆ ಹೊರಗಿದ್ದ ಅನ್ನ ಉಂಡು ಉಪವಾಸ ಹಿಡಿದ ಮಗು ಬೆಳಿಗ್ಗೆ ವಾಂತಿ ಮಾಡಿಕೊಂಡರೆ ಉಪವಾಸಕ್ಕೆ ಆಗಲಿಲ್ಲ ಎನ್ನುತ್ತೇವೆ, ಅನ್ನದ ಮೇಲೆ ಅನುಮಾನವೇ ಬರುವುದಿಲ್ಲ.

ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಮರುದಿನದೊಳಗೆ, ಹಬೆಯಾಡುವಂತೆ ಒಂದೇ ಸಲ ಬಿಸಿ ಮಾಡಿ ಮುಗಿಸಿ. ಫ್ರಿಜ್ ಇಲ್ಲದಿದ್ದರೆ ಅಥವಾ ಕರೆಂಟ್ ಹೋಗುವ ಊರಾದರೆ ಸಹರಿಗೆ ಬೇಕಾದಷ್ಟು ಅಕ್ಕಿಯನ್ನು ರಾತ್ರಿಯೇ ಅಳೆದಿಟ್ಟು, ಎದ್ದ ಮೇಲೆ ತೊಳೆದು ಒಲೆಗಿಡಿ. ಬೆಳ್ತಿಗೆಯಾದರೆ ಇಪ್ಪತ್ತು ನಿಮಿಷದ ಕೆಲಸ. ಹೊರಗೇ ಉಳಿದುಹೋದ ಅನ್ನವನ್ನು ವಾಸನೆ ಬಂದಿಲ್ಲವೆಂದು ಮಕ್ಕಳಿಗೆ ಕೊಡಬೇಡಿ. ಆ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಎರಡು ದಿನ ಸತತವಾಗಿ ಅನ್ನ ಉಳಿದರೆ ಮೂರನೆಯ ದಿನ ಅರ್ಧ ಲೋಟ ಅಕ್ಕಿ ಕಡಿಮೆ ಹಾಕಿ.