ನೆಲದ ದಫ್ತರಕ್ಕೆ ಕನ್ನಡ ಬೇಡವೇ?

ಕನ್ನಡಿಗರೇ, ಉದ್ಯಮಬಾಗದ ಫೌಂಡ್ರಿಯಿರಲಿ, ಖಾನಾಪುರದ ಹಂಚಿನ ಕಾರ್ಖಾನೆಯಿರಲಿ, ನೆಲಕ್ಕೆ ಎಣ್ಣೆ ಚೆಲ್ಲಿದ್ದು ಮೊದಲು ಕಾಣುವುದು ಕಾರ್ಮಿಕನಿಗೆ. ತಪಾಸಣೆಯ ದಫ್ತರ ಇಂಗ್ಲಿಷಿನಲ್ಲಿದ್ದರೆ ಅವನು ಬರೆಸುವುದೇನು, ಓದುವುದೇನು?

1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ನೆಲ, ಮೆಟ್ಟಿಲು, ಓಡಾಟದ ದಾರಿ ಗಟ್ಟಿಯಾಗಿರಬೇಕು ಎಂದಿತ್ತು. 108ನೇ ಕಲಮು ಸೂಚನೆಗಳು ಇಂಗ್ಲಿಷಿನ ಜತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಕಾಯ್ದೆ ಬದಲಾದರೆ ಜಾರುವ ನೆಲ ಬದಲಾದೀತೇ?

ಪ್ರೆಸ್ ನಡೆಸುವವನಾಗಿ ಹೇಳುತ್ತೇನೆ: ತಾರೀಖು, ಜಾಗ, ದೋಷ, ಸರಿಪಡಿಸಿದವರ ಸಹಿ. ನಾಲ್ಕು ಕಾಲಮ್ಮಿನ ಕನ್ನಡ ರಿಜಿಸ್ಟರಿಗೆ ಇಂಗ್ಲಿಷಿನದಕ್ಕಿಂತ ಒಂದು ಪೈಸೆಯೂ ಹೆಚ್ಚು ಬೀಳದು. ಕಾಲು ಮುರಿದ ದಿನ ಪರಿಹಾರ ಕೇಳಲು ಅದೇ ಸಾಕ್ಷಿ. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಕನ್ನಡ ರಿಜಿಸ್ಟರು ಕೇಳಿ, ಪಡೆದೇ ತೀರಿ!