ಉಸಿರು ಮುಂದೆ, ಎಲುಬು ಹಿಂದೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳಲ್ಲಿಯೂ ಉದ್ಯೋಗ ನಿಮಿತ್ತವಾಗಿ ನಾನು ಸ್ವಲ್ಪ ಸ್ವಲ್ಪ ಕಾಲ ಇದ್ದವನು. ಒಂದರ ನೆಲದಂತೆ ಇನ್ನೊಂದರದಲ್ಲ. ಹೊನ್ನಾಳಿಗೆ ತುಂಗಭದ್ರೆಯ ತಂಪುಂಟು; ಚನ್ನಗಿರಿಯ ಸುತ್ತ ಅಡಕೆಯ ತೋಟಗಳುಂಟು; ಜಗಳೂರಿನ ಒಕ್ಕಲಿಗನು ಮೋಡದ ಮುಖವನ್ನು ನೋಡುತ್ತ ದಿನವೆಣಿಸುವನು. ಆದರೆ ನಸುಕಿನಲ್ಲಿ ಎದ್ದು ಮೈದಾನದ ಕಡೆಗೆ ಹೋದವನಿಗೆ ನಾಲ್ಕೂ ಕಡೆಗಳಲ್ಲಿ ಒಂದೇ ನೋಟ ಕಾಣುವುದು. ಇನ್ನೂ ಬೆಳಕು ಹರಿದಿರುವುದಿಲ್ಲ. ಹತ್ತಾರು ತರುಣರು ಏದುಸಿರು ಬಿಡುತ್ತ ಸುತ್ತು ಹಾಕುತ್ತಿರುವರು. ಇವರು ಆಟಕ್ಕಾಗಿ ಓಡುವವರಲ್ಲ. ಪೋಲೀಸು ಕೆಲಸಕ್ಕೋ ಸೈನ್ಯಕ್ಕೋ ಸೇರಬೇಕೆಂದು ಓಡುವವರು. ಪೋಲೀಸು ಪೇದೆಯ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರುಗಳನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಿ ಮುಗಿಸಬೇಕು. ಒಂದು ಸೆಕೆಂಡು ಹೆಚ್ಚಾದರೂ ಮನೆಗೆ ಹಿಂದಿರುಗಬೇಕಾದುದೇ. ಒಂದು ಬಡ ಸಂಸಾರದ ಮುಂದಿನ ಮೂವತ್ತು ವರ್ಷಗಳು ಆ ನಾಲ್ಕು ಸುತ್ತುಗಳ ಮೇಲೆ ನಿಂತಿರುವುವು ಎಂದರೆ ಅತಿಶಯೋಕ್ತಿಯಲ್ಲ.

ಹೀಗೆ ಓಡಿದವರಲ್ಲಿ ನನ್ನ ತಂಗಿಯ ಮಗನೂ ಒಬ್ಬನು. ಜಗಳೂರು ತಾಲ್ಲೂಕಿನ ಹಳ್ಳಿಯ ಹುಡುಗ. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ದೇಹಪರೀಕ್ಷೆಗೆ ಸಿದ್ಧನಾಗಲೆಂದು ಚನ್ನಗಿರಿಯ ನಮ್ಮ ಮನೆಗೆ ಬಂದನು. “ಅಣ್ಣಾ, ಅವನನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ” ಎಂದು ತಂಗಿ ಹೇಳಿ ಹೋದಳು. ನಾನೂ ಎಳೆಯ ವಯಸ್ಸಿನಲ್ಲಿ ಕೊಂಚ ಓಡಿದವನಾದುದರಿಂದ ಗುರುವಿನ ಪದವಿಯನ್ನು ಕೇಳುವ ಮೊದಲೇ ವಹಿಸಿಕೊಂಡೆನು. ಕೈಯಲ್ಲಿ ಗಡಿಯಾರ, ಬಾಯಲ್ಲಿ ಉಪದೇಶ!

ಮೊದಲ ದಿನ ಅವನಿಗೆ ಎಂಟು ನಿಮಿಷಗಳು ಹಿಡಿದುವು. ಮೂರು ವಾರಗಳಲ್ಲಿ ಏಳೂವರೆಗೆ ಇಳಿಯಿತು, ಆರು ವಾರಗಳಲ್ಲಿ ಏಳರ ಒಳಗೆ ಬಂದಿತು. ನನ್ನ ಹಿಗ್ಗನ್ನು ಏನೆಂದು ಹೇಳಲಿ! ದಿನಕ್ಕೆ ಒಂದು ಹೊತ್ತು ಓಡುತ್ತಿದ್ದವನನ್ನು ಎರಡು ಹೊತ್ತು ಓಡಿಸಿದೆನು. ಮೈದಾನ ಸಾಲದೆಂದು ಡಾಮರು ರಸ್ತೆಗೆ ಕರೆದುಕೊಂಡು ಹೋದೆನು. ಭಾನುವಾರದ ಬಿಡುವನ್ನೂ ಕಿತ್ತುಕೊಂಡೆನು. ಅವನು ಎಂದೂ ಎದುರು ಮಾತನಾಡಲಿಲ್ಲ. “ಆಗಲಿ ಮಾವ” ಎನ್ನುವನು, ಓಡುವನು.

ಒಂದು ದಿನ ನಮ್ಮ ಮನೆಯಾಕೆ ನನ್ನನ್ನು ಒಳಕ್ಕೆ ಕರೆದು, “ಹುಡುಗ ಮಹಡಿಯ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಾನೆ, ಗೋಡೆಗೆ ಕೈ ಕೊಡುತ್ತಾನೆ. ನೀವು ನೋಡಿದಿರಾ?” ಎಂದು ಕೇಳಿದಳು. ನಾನು ಗಡಿಯಾರವನ್ನು ನೋಡಿದ್ದೆನೇ ಹೊರತು ಕಾಲನ್ನು ನೋಡಿರಲಿಲ್ಲ. “ಓಡುವವರಿಗೆ ಅಷ್ಟು ನೋವು ಇದ್ದದ್ದೇ” ಎಂದು ಅವಳ ಮಾತನ್ನು ತಳ್ಳಿಹಾಕಿದೆನು. ಹತ್ತು ದಿನಗಳ ಮೇಲೆ, ಮೂರನೆಯ ಸುತ್ತಿನಲ್ಲಿ, ಹುಡುಗನು ಕಣಕಾಲನ್ನು ಹಿಡಿದುಕೊಂಡು ಕುಳಿತುಬಿಟ್ಟನು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಎಂದರು ವೈದ್ಯರು. ಎಂಟು ವಾರ ಓಟವಿಲ್ಲ. ದೇಹಪರೀಕ್ಷೆ ಇದ್ದುದು ಐದನೆಯ ವಾರದಲ್ಲಿ.

ಆ ವೈದ್ಯರು ನನ್ನನ್ನು ಕೂಡಿಸಿಕೊಂಡು ಹೇಳಿದ ವಿಷಯವನ್ನು, ಮಕ್ಕಳನ್ನು ಅಭ್ಯಾಸಕ್ಕೆ ಕಳುಹಿಸುವ ತಂದೆತಾಯಿಗಳೆಲ್ಲರೂ ತಿಳಿದಿರಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ಓಟವನ್ನು ಆರಂಭಿಸಿದ ಕೆಲವೇ ವಾರಗಳಲ್ಲಿ ಹೃದಯವೂ ಉಸಿರೂ ಪಳಗುವುವು. ಮಾಂಸಖಂಡವು ಅವುಗಳ ಹಿಂದೆಯೇ ಬರುವುದು. ಆದರೆ ಎಲುಬೂ ಅದಕ್ಕೆ ಮಾಂಸವನ್ನು ಬಿಗಿದಿರುವ ಹುರಿಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಷ್ಟೇ ಅಲ್ಲ. ಹೊಸ ಭಾರ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ತಾನೇ ಕರಗಿಸಿಕೊಂಡು, ಆ ಬಳಿಕ ಹೊಸದನ್ನು ಕಟ್ಟುವುದು. ಗೋಡೆಯನ್ನು ದುರಸ್ತು ಮಾಡುವವನು ಹಳೆಯ ಗಾರೆಯನ್ನು ಕೆತ್ತಿ ತೆಗೆದಮೇಲಲ್ಲವೆ ಹೊಸ ಗಾರೆಯನ್ನು ಮೆತ್ತುವುದು? ಕೆತ್ತುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುವುದು. ಕಟ್ಟುವುದಕ್ಕೆ ಮೂರು ನಾಲ್ಕು ತಿಂಗಳು. ಈ ನಡುವಣ ಕಾಲದಲ್ಲಿ ಗೋಡೆ ಮೊದಲಿಗಿಂತಲೂ ಬಲಹೀನ. ಓಡುವವನಿಗೆ ‘ಈಗ ನಾನು ಗಟ್ಟಿಯಾದೆ’ ಎನಿಸುವುದೂ ಸರಿಯಾಗಿ ಅದೇ ಕಾಲದಲ್ಲಿ. ಉಸಿರು ಮುಂದೆ ಓಡಿರುತ್ತದೆ, ಎಲುಬು ಹಿಂದೆ ಉಳಿದಿರುತ್ತದೆ. ಬಿಡುವಿನ ದಿನವು ಸೋಮಾರಿಯ ದಿನವಲ್ಲವೆಂಬುದೂ, ಕಟ್ಟುವ ಕೆಲಸ ನಡೆಯುವುದು ಬಿಡುವಿನಲ್ಲಿಯೇ ಎಂಬುದೂ ಆಗ ನನಗೆ ತಿಳಿಯಿತು. ನಾನು ಕಿತ್ತುಕೊಂಡ ಭಾನುವಾರಗಳು ಒಂದೊಂದಾಗಿ ನೆನಪಿಗೆ ಬಂದುವು.

ನಮ್ಮ ಹಿರಿಯರಿಗೆ ಈ ಶಾಸ್ತ್ರ ತಿಳಿದಿರಲಾರದು. ಆದರೂ ಗರಡಿಮನೆಯಲ್ಲಿ ಹೊಸಬನನ್ನು ಬಂದ ದಿನವೇ ಕುಸ್ತಿಗೆ ಬಿಡುತ್ತಿರಲಿಲ್ಲ. ಮಟ್ಟಿಯ ಮಣ್ಣನ್ನು ಅಗೆದು ಹದಮಾಡುವುದು, ನಾಲ್ಕು ದಂಡ, ನಾಲ್ಕು ಬಸ್ಕಿ, ಹೀಗೆಯೇ ಬಹುಕಾಲ ಕಳೆಯುತ್ತಿದ್ದಿತು. ಅದು ಹುಡುಗನ ತಾಳ್ಮೆಯ ಪರೀಕ್ಷೆಯೆಂದು ನಾನು ಎಣಿಸಿದ್ದೆನು. ಕಾಲಿನ ರಕ್ಷಣೆಯೂ ಆಗಿತ್ತೆಂದು ಈಗ ತೋರುತ್ತದೆ.

ಹುಡುಗನು ಮಲಗಿದ್ದ ದಿನಗಳಲ್ಲಿ ಅವನ ಮನಸ್ಸು ತೀರ ಕುಗ್ಗಿಹೋಗಿದ್ದಿತು. ಪರೀಕ್ಷೆಯ ದಿನ ಬೆಳಗಿನಿಂದ ಗೋಡೆಯ ಕಡೆಗೆ ತಿರುಗಿ ಮಲಗಿದವನು ಊಟಕ್ಕೂ ಏಳಲಿಲ್ಲ. ನಾನು ಸಮಾಧಾನಕ್ಕೆಂದು ಬೆಳಗಾವಿಯ ಕಡೆಯ ಫಡೆಪ್ಪ ಚೌಗುಲೆಯವರ ಕಥೆಯನ್ನು ಹೇಳಿದೆನು. ದೊರಾಬ್ಜಿ ತಾತಾರವರ ಪ್ರಯತ್ನದಿಂದ ಭಾರತದ ತಂಡವೊಂದು 1920ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ಹೋಯಿತು. ಅದರಲ್ಲಿ ಚೌಗುಲೆಯವರು ಮ್ಯಾರಥಾನ್ ಓಡಿದರು. ಆ ವರ್ಷದ ದಾರಿ 42,750 ಮೀಟರು, ಇಂದಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಫಿನ್ಲೆಂಡಿನ ಕೊಲೆಮೈನನ್ ಗೆದ್ದನು. ನಮ್ಮವರು ಸುಮಾರು 2 ಗಂಟೆ 51 ನಿಮಿಷಗಳಲ್ಲಿ ಮುಟ್ಟಿ 19ನೆಯವರಾದರು.

“ಹತ್ತೊಂಬತ್ತನೆಯವರಿಗೆ ಏನು ಕೊಡುತ್ತಾರೆ ಮಾವ?” ಎಂದನು ಹುಡುಗ.

“ಏನೂ ಕೊಡುವುದಿಲ್ಲ” ಎಂದೆನು. ಸುಳ್ಳು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, “ಆದರೂ ಕೊನೆಯವರೆಗೆ ಕಾಲು ತಡೆಯಿತಲ್ಲ” ಎಂದು ತನಗೆ ತಾನೇ ಹೇಳಿಕೊಂಡನು. ಆ ರಾತ್ರಿ ಊಟಕ್ಕೆ ಎದ್ದನು.

ತಂಗಿಗೆ ವಿಷಯವನ್ನು ತಿಳಿಸುವಾಗ ತಪ್ಪು ನನ್ನದೆಂದು ಹೇಳಿದೆನು. ಅವಳು ಬಯ್ಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿದ್ದಿತು. “ಮತ್ತೆ ಕರೆಯುತ್ತಾರೋ ಇಲ್ಲವೋ” ಎಂದಷ್ಟೇ ಕೇಳಿದಳು. ಮತ್ತೆ ಕರೆದರೂ ಲಿಖಿತ ಪರೀಕ್ಷೆಯಿಂದಲೇ ಆರಂಭಿಸಬೇಕು. ವಯಸ್ಸಿನ ಮಿತಿಯೊಂದು ಇದ್ದೇ ಇದೆ.

ಎಂಟು ವಾರಗಳು ಕಳೆದಮೇಲೆ ಅವನ ಅಭ್ಯಾಸವನ್ನು ನಮ್ಮ ಮನೆಯಾಕೆ ವಹಿಸಿಕೊಂಡಳು. ಓಟದ ವಿಷಯ ಅವಳಿಗೆ ಏನೂ ತಿಳಿಯದು. ಬೆಳಿಗ್ಗೆ ಅವನು ಮಹಡಿಯಿಂದ ಇಳಿಯುವುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುವಳು. ನೆಟ್ಟಗೆ ಇಳಿದರೆ ಓಟಕ್ಕೆ ಅಪ್ಪಣೆ. ಕೈ ಗೋಡೆಗೆ ಹೋದರೆ ಇಲ್ಲ. ಮೊದಲು ನಡಿಗೆ, ಆಮೇಲೆ ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆ, ಡಾಮರು ಬಿಟ್ಟು ಮಣ್ಣಿನ ಮೇಲೆ, ದಿನ ಬಿಟ್ಟು ದಿನ. ಭಾನುವಾರ ಕೋಟೆಯ ಬೆಟ್ಟವನ್ನು ನಿಧಾನವಾಗಿ ಹತ್ತಿ ರಂಗನಾಥಸ್ವಾಮಿಯ ದರ್ಶನ ಮಾಡಿ ಬರುವುದು. ಐದು ತಿಂಗಳಿಗೆ ಅವನು ಮೊದಲಿನ ವೇಗಕ್ಕೆ ಬಂದನು, ನೋವು ಬರಲಿಲ್ಲ.

ಈಗ ಅವನು ಊರಿಗೆ ಹೋಗಿದ್ದಾನೆ. ಹೊಲದ ಕೆಲಸ ಮಾಡಿಕೊಂಡು, ಮುಂದಿನ ಪರೀಕ್ಷೆಗೆ ಓದಿಕೊಂಡು, ಬಿಸಿಲೇರುವ ಮೊದಲು ಓಡುತ್ತಾನಂತೆ. ಊರಿನ ಚಿಕ್ಕ ಹುಡುಗರು ಕೆಲವರು ಅವನ ಹಿಂದೆ ಬರುತ್ತಾರೆ. ಅವರನ್ನು ಹೇಗೆ ಓಡಿಸುತ್ತೀಯೆಂದು ಮೊನ್ನೆ ಕೇಳಿದೆನು. “ಅತ್ತೆಯ ಹಾಗೆ” ಎಂದನು.