ಇಬ್ಬರ ದುಡ್ಡು, ಒಬ್ಬನ ಸಾಲ

ಅಳದಂಗಡಿ ಪೇಟೆಯ ಒಬ್ಬ ವ್ಯಾಪಾರಿ ಎಂದಿಟ್ಟುಕೊಳ್ಳಿ. ಅಂಗಡಿಗೆಂದು ಸಾಲ ಮಾಡಿದ, ಕಂತು ತಪ್ಪಿತು. ಅವನ ಹೆಂಡತಿ ವರ್ಷಗಟ್ಟಲೆ ಬೀಡಿ ಕಟ್ಟಿ ಕೂಡಿಸಿದ ಹಣ ಅದೇ ಬ್ಯಾಂಕಿನಲ್ಲಿ ಗಂಡ-ಹೆಂಡತಿ ಇಬ್ಬರ ಹೆಸರಲ್ಲಿ ನಿರಖು ಠೇವಣಿಯಾಗಿದೆ. ವಾಯಿದೆ ಮುಗಿದ ದಿನ ಆಕೆ ರಶೀದಿ ಹಿಡಿದು ಹೋದರೆ ಒಳಗಿನಿಂದ ಉತ್ತರ: "ನಿಮ್ಮ ಯಜಮಾನ್ರ ಸಾಲ ಬಾಕಿ ಉಂಟಲ್ಲ, ದುಡ್ಡು ಕೊಡ್ಲಿಕ್ಕೆ ಆಗುವುದಿಲ್ಲ."

ಇದು ಸರಿಯೇ ಮಾರಾಯ್ರೇ?

ಬ್ಯಾಂಕಿಗೆ ಹಕ್ಕೇ ಇಲ್ಲವೆಂದು ನಾವು ಹೇಳುವುದಿಲ್ಲ. 1872ರ ಕರಾರು ಕಾಯಿದೆಯ 171ನೇ ಕಲಮು ಬಾಕಿದಾರನ ಸೊತ್ತನ್ನು ತಡೆಹಿಡಿಯುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿದೆ. ನಮ್ಮ ಅವಿಭಜಿತ ಜಿಲ್ಲೆಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು, ಠೇವಣಿ ರಶೀದಿಗಳ ಮೇಲೂ ಈ ಹಕ್ಕು ಉಂಟೆಂದು ಎತ್ತಿಹಿಡಿಯಿತು. ಸಾಲ ಮಾಡಿದವನ ಸ್ವಂತ ಠೇವಣಿಯಿಂದ ಮುರಿದುಕೊಂಡರೆ ಯಾರದ್ದೂ ತಕರಾರಿಲ್ಲ.

ಜಂಟಿ ಠೇವಣಿಯ ಲೆಕ್ಕ ಬೇರೆ. ಸಾಲ ಒಬ್ಬನದ್ದು, ಹಣ ಇಬ್ಬರದ್ದು. ಎರಡೂ ತಕ್ಕಡಿಯಲ್ಲಿ ಅದೇ ಜನ ಇದ್ದರೆ ಮಾತ್ರ ಒಂದರಿಂದ ಇನ್ನೊಂದನ್ನು ಮುರಿದುಕೊಳ್ಳಬಹುದು. 2004ರಲ್ಲಿ ಅನುಮತಿ ಎಂಬ ಮಹಿಳೆ ಪಂಜಾಬ್ ನ್ಯಾಶನಲ್ ಬ್ಯಾಂಕಿನ ವಿರುದ್ಧ ಹೂಡಿದ್ದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದೇ ಧಾಟಿಯಲ್ಲಿ: ಜಂಟಿ ಠೇವಣಿಯನ್ನು ಒಬ್ಬರೇ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ, ಸಾಲಕ್ಕೆ ಒತ್ತೆ ಇಡುವಂತಿಲ್ಲ. ಗಂಡನೇ ಕೊಡಲಾಗದ ಹಕ್ಕನ್ನು ಬ್ಯಾಂಕು ತಾನಾಗಿ ತೆಗೆದುಕೊಳ್ಳುವುದು ಹೇಗೆ?

"ಸಾಲಗಾರರು ದುಡ್ಡನ್ನೆಲ್ಲ ಹೆಂಡತಿ ಹೆಸರಿಗೆ ಮಾಡಿ ಕೈ ಎತ್ತುತ್ತಾರೆ" ಎಂಬುದು ಬ್ಯಾಂಕಿನವರ ವಾದ. ಅಂಥವರು ಇಲ್ಲವೆಂದಲ್ಲ. ಆದರೆ ಅದನ್ನು ಕೋರ್ಟಿನಲ್ಲಿ ತೋರಿಸಬೇಕಾದ್ದು ಬ್ಯಾಂಕು. ಕೌಂಟರಿನಲ್ಲಿ ಕೂತವರೇ ವಾದಿಯೂ ಜಡ್ಜಿಯೂ ಆಗಬಾರದು.

ತಪ್ಪು ನಮ್ಮ ಕಡೆಯೂ ಉಂಟು. ಗುರುತು ಹಾಕಿದಲ್ಲೆಲ್ಲ ರುಜು ಹಾಕುವವರು ನಾವು. ಹೆಂಡತಿ ಜಾಮೀನಿಗೆ ರುಜು ಹಾಕಿದ್ದರೆ ಸಾಲ ಆಕೆಯದ್ದೂ ಆಯಿತು. ಆಗ ಜಂಟಿ ಠೇವಣಿಗೆ ಬ್ಯಾಂಕು ಕೈಹಾಕಿದರೆ ದೂರುವಂತಿಲ್ಲ. ಸಾಲದ ಕಾಗದದ ಸಣ್ಣ ಅಕ್ಷರಗಳಲ್ಲಿ ಜಂಟಿ ಖಾತೆಯ ಮಾತು ಉಂಟೋ ಎಂದು ಮೊದಲೇ ಓದಿಸಿ ಕೇಳಬೇಕು.

ಹಣ ತಡೆದರೆ ಬಾಯಿಮಾತಿಗೆ ಸುಮ್ಮನಾಗಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ, ನೀವೂ ಬರಹದಲ್ಲೇ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. 30 ದಿನದೊಳಗೆ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಫೀಸು ಇಲ್ಲ, ವಕೀಲರೂ ಬೇಡ.

1928ರಲ್ಲೇ ಪಿಗ್ಮಿ ಶುರುವಾಗಿ, ಮನೆಬಾಗಿಲಲ್ಲಿ ಆಣೆ ಲೆಕ್ಕದಲ್ಲಿ ಉಳಿತಾಯ ಕಲಿತ ಸೀಮೆ ಇದು. ಆ ನಂಬಿಕೆಯ ಮೇಲೆಯೇ ಬ್ಯಾಂಕುಗಳು ಬೆಳೆದದ್ದು. ಗಂಡನ ಬಾಕಿ ವಸೂಲಾಗಲಿ, ಬೇಡವೆಂದವರಾರು? ಬೀಡಿ ಕಟ್ಟಿದ ಕೈಗೆ ಒಂದು ಮಾತೂ ಕೇಳದೆ ಅಲ್ಲ.